ಮನೆಗಾಡಿ ಗಟ್ಟ ಹತ್ತುವ ಮೊದಲು



ಮಳೆ ಬಿಟ್ಟು ಅಂಗಳದ ಪಾಚಿ ಒಣಗುವ ಹೊತ್ತಿಗೆ ನಮ್ಮ ಶಿರಿಯದಲ್ಲಿ ಎರಡು ಬಗೆಯ ಗಡಿಬಿಡಿ ಸುರುವಾಗುತ್ತದೆ. ಊರಲ್ಲೇ ಇರುವವರಿಗೆ ಅಂಗಳ ಕೆತ್ತಿ ಸಮ ಮಾಡುವ ಗಡಿಬಿಡಿ. ಗಲ್ಫಿನಿಂದ ರಜೆಯಲ್ಲಿ ಬಂದವರಿಗೆ, ಇರುವ ಇಪ್ಪತ್ತು ದಿನದಲ್ಲಿ ಹೆಂಡತಿ ಮಕ್ಕಳಿಗೆ ಲೋಕವನ್ನೆಲ್ಲ ತೋರಿಸಿಬಿಡುವ ಗಡಿಬಿಡಿ. ನಮ್ಮ ಬೇಲಿಯಾಚೆಯ ಮನೆಯ ಹುಡುಗ ಈ ಎರಡನೆಯ ಪಂಗಡದವನು. ಏಳನೆಯ ತರಗತಿಯಲ್ಲಿ ನನ್ನಲ್ಲಿ ಭೂಗೋಳ ಕಲಿತವನು. ಹುಡುಗ ಎಂದರೂ ಈಗ ಅವನಿಗೆ ಇಬ್ಬರು ಮಕ್ಕಳು. ಕಳೆದ ವಾರ ಸಂಜೆ ನಮ್ಮ ಜಗಲಿಯಲ್ಲಿ ಬಂದು ಕೂತ.

"ಮಾಸ್ಟ್ರೇ, ಈ ಸಲ ಲಾಡ್ಜು ಗೀಡ್ಜು ಯಾವುದೂ ಬೇಡ. ಮನೆಯನ್ನೇ ಗಾಡಿಯಲ್ಲಿ ಇಟ್ಟುಕೊಂಡು ಹೋಗುವುದು. ಮಲಗುವುದು, ಅಡಿಗೆ, ಸ್ನಾನ, ಎಲ್ಲ ಅದರಲ್ಲೇ. ನಾಲ್ಕು ದಿನ ಗಟ್ಟದ ಮೇಲೆ, ಆಮೇಲೆ ದ್ವೀಪಕ್ಕೆ. ಎಲ್ಲಿ ಚಂದ ಕಂಡಿತೋ ಅಲ್ಲಿ ನಿಲ್ಲಿಸುವುದು" ಎಂದ. ಫೋನಿನಲ್ಲಿ ಚಿತ್ರವನ್ನೂ ತೋರಿಸಿದ. ಹಿಮದ ಗುಡ್ಡದ ಬುಡದಲ್ಲಿ ಒಂದು ಬಿಳಿ ಗಾಡಿ, ಬಾಗಿಲ ಮುಂದೆ ಮಡಚುವ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಚಹಾ ಕುಡಿಯುತ್ತಿದ್ದಾನೆ.

ನಾನು ಕೇಳಿದೆ: "ಅದೆಲ್ಲ ಸರಿ ಮಾರಾಯ. ಅದರ ಕಕ್ಕಸು ತುಂಬಿದಾಗ ಎಲ್ಲಿ ಖಾಲಿ ಮಾಡುತ್ತಿ?"

ಅವನು ನಕ್ಕ. ಒಳಗಿನಿಂದ ನನ್ನ ಮನೆಯವಳು, "ಚಾ ಕುಡಿಯುವಾಗ ಕೇಳುವ ಪ್ರಶ್ನೆಯೇ ಅದು?" ಎಂದಳು. ಶ್ರೋತೃಗಳಲ್ಲಿಯೂ ಕೆಲವರಿಗೆ ಹಾಗೆಯೇ ಅನಿಸಿರಬಹುದು. ಆದರೆ ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುವುದರಿಂದ ತಾವು ಸ್ವಲ್ಪ ಸಹಿಸಿಕೊಳ್ಳಬೇಕು.

ಮನೆಗಾಡಿ ಎಂಬ ಹೆಸರು ನಾನು ಇಟ್ಟದ್ದು. ಕ್ಯಾರವಾನ್, ಕ್ಯಾಂಪರ್ ವ್ಯಾನ್ ಎಂದೆಲ್ಲ ಕರೆಯುತ್ತಾರೆ. ನಮ್ಮಲ್ಲಿ ಹಿಂದೆ ಸಿನೆಮಾದವರಿಗೆ ಮಾತ್ರ ಇದ್ದ ವಸ್ತು ಇದು. 2021ರಲ್ಲಿ ಕೇರಳ ಸರಕಾರ ಇದಕ್ಕೆಂದೇ ಒಂದು ಪ್ರವಾಸ ನೀತಿಯನ್ನು ತಂದು 'ಕೆರವಾನ್ ಕೇರಳ' ಎಂದು ಹೆಸರಿಟ್ಟಿತು. ಮರುವರ್ಷ ವಾಗಮಣ್ ಬೆಟ್ಟದಲ್ಲಿ ಈ ಗಾಡಿಗಳು ರಾತ್ರಿ ತಂಗುವುದಕ್ಕೆಂದೇ ಮಾಡಿದ ತಂಗುದಾಣವೂ ತೆರೆಯಿತು. ಆ ನೀತಿಯಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ ಗಾಡಿಯಷ್ಟೇ ಮುಖ್ಯವಾಗಿ ಗಾಡಿ ನಿಲ್ಲುವ ಜಾಗದ ಮಾತು ಅದರಲ್ಲಿ ಇರುವುದು. ತಂಗುದಾಣಕ್ಕೆ ಕನಿಷ್ಠ 50 ಸೆಂಟ್ಸ್ ಜಾಗ ಬೇಕು, ಐದು ಗಾಡಿಗಳಾದರೂ ನಿಲ್ಲುವಂತಿರಬೇಕು, ನೀರು, ವಿದ್ಯುತ್ತು, ಕೊಳಚೆಗೆ ದಾರಿ ಇರಬೇಕು. ನಮ್ಮ ಹುಡುಗನ ಫೋನಿನ ಚಿತ್ರದಲ್ಲಿ ಕುರ್ಚಿ ಕಾಣುತ್ತದೆ, ಕೊಳಚೆಗೆ ಮಾಡಿದ ದಾರಿ ಕಾಣುವುದಿಲ್ಲ.

ಲಾಡ್ಜಿನಲ್ಲಿ ಉಳಿದರೆ ನಮ್ಮ ಹೊಲಸು ಲಾಡ್ಜಿನವನ ಜವಾಬ್ದಾರಿ. ಮನೆಗಾಡಿಯಲ್ಲಿ ಹೋದರೆ ಆ ಜವಾಬ್ದಾರಿ ನಮ್ಮ ಸೀಟಿನ ಹಿಂದೆಯೇ ಕೂತು ಬರುತ್ತದೆ. ಇಂಥ ಗಾಡಿಗಳ ಕಕ್ಕಸಿನ ಕೆಳಗೆ ಸಾಮಾನ್ಯವಾಗಿ ಒಂದು ಪೆಟ್ಟಿಗೆ, ಇಪ್ಪತ್ತು ಲೀಟರು ಹಿಡಿಯುವಂಥದ್ದು. ಐದು ಜನರ ಸಂಸಾರಕ್ಕೆ ಅದು ಎರಡು ದಿನಕ್ಕೆ ಸಾಕಾದರೆ ಹೆಚ್ಚು. ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಬೇರೆ ತೊಟ್ಟಿಯಲ್ಲಿ. ಪೆಟ್ಟಿಗೆ ನಾರದ ಹಾಗೆ ನೀಲಿ ಬಣ್ಣದ ಔಷಧ ಹಾಕುತ್ತಾರೆ. ಕೆಲವು ಔಷಧಗಳಲ್ಲಿ ಫಾರ್ಮಲಿನ್ ಜಾತಿಯ ವಿಷ ಇರುತ್ತದೆ. ಅದನ್ನು ಯಾರದಾದರೂ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಅಲ್ಲಿ ಮಲವನ್ನು ಕೊಳೆಸುವ ಜೀವಾಣುಗಳೇ ಸಾಯುತ್ತವೆ. ತೋಡಿಗೆ ಸುರಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1993ರಲ್ಲಿ ಶಾಲೆಯ ಮಕ್ಕಳನ್ನು ಬಾಡಿಗೆ ಬಸ್ಸಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆವು. ಸಂಪಾಜೆ ದಾಟಿ ಗಟ್ಟ ಹತ್ತುವಲ್ಲಿ, ರಸ್ತೆಯ ಪಕ್ಕದಲ್ಲಿ ಒಂದು ತೋಡು, ಕನ್ನಡಿಯಂಥ ನೀರು. ಅಲ್ಲೇ ಒಲೆ ಹೂಡಿ ಉಪ್ಪಿಟ್ಟು ಮಾಡಿದೆವು. ಅರುವತ್ತು ಮಕ್ಕಳು ತಿಂದು ತಟ್ಟೆ ತೊಳೆದರು, ಬೋಗುಣಿ ತಿಕ್ಕಿದರು, ಸಾಬೂನಿನ ನೊರೆಯಲ್ಲಿ ಆಟವಾಡಿದರು. ಬಾಳೆಲೆಯ ಚೂರು, ಕಾಗದದ ಪೊಟ್ಟಣ, ಎಲ್ಲವೂ ನೀರಿನಲ್ಲಿ ದೋಣಿಯ ಹಾಗೆ ಹೋಗುತ್ತಿದ್ದುದನ್ನು ನೋಡಿ ಮಾಸ್ತರುಗಳಾದ ನಾವೂ ನಕ್ಕೆವು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಬದಿಯಿಂದ ಒಬ್ಬ ಮುದುಕಿ ಸೊಂಟದಲ್ಲಿ ಖಾಲಿ ಕೊಡಪಾನ ಇಟ್ಟುಕೊಂಡು ಹತ್ತಿ ಬಂದಳು. ಬೈಯಲಿಲ್ಲ. ಒಂದು ಕಲ್ಲಿನ ಮೇಲೆ ಕೂತಳು. ನಾವು ಮುಗಿಸುವವರೆಗೂ ಕೂತೇ ಇದ್ದಳು. ನಾನು ಹೋಗಿ, "ಏನಜ್ಜಿ?" ಎಂದು ಕೇಳಿದಾಗ ಅರೆಭಾಷೆಯಲ್ಲಿ ಹೇಳಿದ್ದು ಇಷ್ಟೇ: ನೀರು ತಿಳಿಯಾಗಲಿ ಎಂದು ಕಾಯುತ್ತಿದ್ದೇನೆ, ಅನ್ನಕ್ಕೆ ಇಡಬೇಕು.

ಬಸ್ಸು ಹತ್ತಿದ ಮೇಲೆ ಮಕ್ಕಳಿಗೆ ಭೂಗೋಳ ಹೇಳುವ ನನ್ನ ಉತ್ಸಾಹ ಇಳಿದುಹೋಗಿತ್ತು. ಏಕೆಂದರೆ ಅಷ್ಟರಲ್ಲಿ ನನಗೆ ನನ್ನದೇ ಪಾಠ ನೆನಪಾಗಿತ್ತು. ಆ ಸೀಮೆಯ ತೋಡುಗಳೆಲ್ಲ ಕೂಡಿ ಪಯಸ್ವಿನಿ. ಪಯಸ್ವಿನಿ ಸುಳ್ಯದ ಪೇಟೆಯ ಮಗ್ಗುಲಲ್ಲಿ ಹರಿದು, ಗಡಿ ದಾಟಿ, ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಬಾವಿಕ್ಕರೆಯಲ್ಲಿ ಆ ನೀರನ್ನು ಪಂಪಿನಿಂದ ಎತ್ತಿ ಕಾಸರಗೋಡು ಪೇಟೆಗೆ ಕುಡಿಯಲು ಕೊಡುತ್ತಾರೆ. ಅಲ್ಲಿ ಶಾಶ್ವತ ಕಟ್ಟ ಆಗುವ ಮೊದಲು ಬೇಸಗೆಯಲ್ಲಿ ಸಮುದ್ರದ ನೀರು ನುಗ್ಗಿ ನಲ್ಲಿಯಲ್ಲಿ ಉಪ್ಪು ನೀರು ಬರುತ್ತಿದ್ದ ಗೋಳು ನಮಗೆಲ್ಲ ಗೊತ್ತು. ಅಂದರೆ ಮುದುಕಿಯ ಕೊಡಪಾನದ ಮೇಲ್ಗಡೆ ಕೂತು ನಾವು ತೊಳೆದ ತಟ್ಟೆಯ ನೀರು ನಮ್ಮದೇ ನೆಂಟರ ಹಂಡೆಗೆ ಬರುವಂಥದ್ದು. ಗಡಿ ಎಂಬುದು ಮನುಷ್ಯರಿಗೆ, ಹೊಳೆಗೆ ಅದರ ಗುರುತಿಲ್ಲ.

ನಮ್ಮ ಶಿರಿಯ ಹೊಳೆಯೂ ಹಾಗೆಯೇ. ಆನೆಗುಂಡಿ ಕಾಡಿನಿಂದ ಹೊರಟು 67 ಕಿಲೋಮೀಟರ್ ನಡೆದು ಇಲ್ಲಿ ಅಳಿವೆ ಸೇರುತ್ತದೆ. ಮೊದಲ ಮಳೆಯ ಕೆಂಪು ನೀರಿನೊಂದಿಗೆ ಮೇಲಿನ ಊರುಗಳ ಬಾಟಲಿ, ಚೀಲ, ಮಕ್ಕಳ ಡಯಾಪರ್ ಎಲ್ಲ ತೇಲಿ ಬಂದು ಅಳಿವೆಯ ಬಾಯಲ್ಲಿ ನಿಲ್ಲುವುದನ್ನು ನೋಡಿದವರು ನೀವು. ಹೊಳೆಯ ತುದಿಯಲ್ಲಿ ಕೂತವರಿಗೆ ಮೇಲಿನವರ ಗುಣ ಬೇಗ ತಿಳಿಯುತ್ತದೆ. ಅಂಥ ನಾವೇ ಗಟ್ಟದ ಮೇಲೆ ಹೋದಾಗ ಮೇಲಿನವರಾಗುತ್ತೇವೆ.

ಹುಡುಗನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೋಗಲೇಬಾರದೇ ಮಾಸ್ಟ್ರೇ?" ಎಂದ. ಹೋಗಬಾರದು ಎಂದು ನಾನು ಹೇಳುವುದಿಲ್ಲ. ಅವನ ತಾಯಿ ಅರುವತ್ತೈದರ ಹೆಂಗಸು, ಮಂಗಳೂರು ಆಸ್ಪತ್ರೆ ಬಿಟ್ಟರೆ ಗಡಿಯಾಚೆ ಏನೂ ಕಂಡವಳಲ್ಲ. ಅವಳು ತಲಕಾವೇರಿ ನೋಡಬೇಕು. ಆದರೆ ಮೊದಲು ಜಾಗಗಳ ಪಟ್ಟಿ ಮಾಡಿ ಆಮೇಲೆ ಉಳಿದದ್ದನ್ನು ಯೋಚಿಸುವ ಕ್ರಮ ತಲೆಕೆಳಗಿನದು. ಮೊದಲು ರಾತ್ರಿ ಎಲ್ಲಿ, ನೀರು ಎಲ್ಲಿ, ಕಕ್ಕಸು ಎಲ್ಲಿ ಎಂದು ಗೊತ್ತುಮಾಡಿಕೊಂಡರೆ ನೋಡುವ ಜಾಗಗಳ ಪಟ್ಟಿ ತಾನಾಗಿಯೇ ಗಿಡ್ಡವಾಗುತ್ತದೆ. ಗಿಡ್ಡವಾದರೆ ಒಳ್ಳೆಯದೇ.

ಆ ಸಂಜೆ ಇಬ್ಬರೂ ಕೂತು ದಾರಿ ಹಾಕಿದೆವು. ಇಲ್ಲಿಂದ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ. ನೂರಿಪ್ಪತ್ತು ಕಿಲೋಮೀಟರಿಗೆ ಹತ್ತಿರ. ಸಮುದ್ರಮಟ್ಟದಲ್ಲಿ ಹೊರಟವನು 1100 ಮೀಟರಿಗೂ ಮೇಲೆ ಮುಟ್ಟುತ್ತಾನೆ. ಅವನು ಪಾಣತ್ತೂರು, ಕರಿಕೆ ಮೇಲಾಗಿ ನೇರ ಭಾಗಮಂಡಲಕ್ಕೆ ಹೋಗುವ ಯೋಚನೆಯಲ್ಲಿದ್ದ. ಕಾಡಿನ ಚಂದಕ್ಕೆ ಆ ದಾರಿಯನ್ನು ಮೀರಿಸುವುದು ಕಷ್ಟ, ನಿಜ. ಆದರೆ ಇಕ್ಕಟ್ಟು, ತಿರುವು, ಕಡಿದಾದ ಇಳಿಜಾರು. 2021ರ ಜನವರಿಯಲ್ಲಿ ಪಾಣತ್ತೂರಿನ ಹತ್ತಿರ ಪರಿಯಾರಂನ ಇಳಿಜಾರಿನಲ್ಲಿ ಮದುವೆಯ ದಿಬ್ಬಣದ ಬಸ್ಸು ಮಗುಚಿ ಒಂದು ಮನೆಯ ಮೇಲೆ ಬಿದ್ದು ಏಳು ಜನ ತೀರಿಕೊಂಡದ್ದು ಪುತ್ತೂರು ಸುಳ್ಯದ ಕಡೆಯವರಿಗೆ ಮರೆತಿರಲಾರದು. ತಲೆಭಾರದ ಗಾಡಿಯನ್ನು ಹೊಸಬನೊಬ್ಬ ಅಲ್ಲಿ ಓಡಿಸಬಾರದು. ನೂರು ಲೀಟರು ನೀರು ತುಂಬಿಸಿದರೆ ಒಂದು ಕ್ವಿಂಟಾಲ್ ಭಾರ. ಅದರ ಮೇಲೆ ಗ್ಯಾಸು, ಮಂಚ, ಪಾತ್ರೆ, ಐದು ಜನ. ಇಳಿಯುವಾಗ ಬ್ರೇಕನ್ನೇ ನಂಬಿದರೆ ಅದು ಕಾದು ಕೈಕೊಡುತ್ತದೆ. ಹತ್ತುವಾಗ ಯಾವ ಗೇರು ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಬೇಕು, ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬಾರದು. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಎಂಬುದು ನಿಯಮ. ನಮ್ಮ ಮನೆಯಂಗಳದ ಹಾಗೆ ಆರು ಪಥ ಹಾಸಿದ ಹೆದ್ದಾರಿಯಲ್ಲಿ ಓಡಿಸಿ ಅಭ್ಯಾಸವಾದವರಿಗೆ ಈ ನಿಯಮ ಮರೆತೇ ಹೋಗಿರುತ್ತದೆ.

ಆಗ ಅವನು ಫೋನಿನ ಚಿತ್ರದ ಊರಿನ ಸುದ್ದಿ ತೆಗೆದ. ಅದು ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಂತೆ. ಅಲ್ಲಿ ಸುಮಾರು 500 ಮೈಲಿಯ ಒಂದು ಸುತ್ತುದಾರಿಗೆ 2015ರಲ್ಲಿ 'ನಾರ್ತ್ ಕೋಸ್ಟ್ 500' ಎಂದು ಹೆಸರಿಟ್ಟು ಪ್ರಚಾರ ಕೊಟ್ಟರು. ಮನೆಗಾಡಿಗಳು ಸಾಲುಗಟ್ಟಿದವು. ಅಲ್ಲಿನ ಬಹಳಷ್ಟು ರಸ್ತೆ ಒಂದೇ ಗಾಡಿಯ ಅಗಲದ್ದು. ಅಲ್ಲಲ್ಲಿ ಎದುರಿನ ಗಾಡಿಗೆ ಜಾಗ ಕೊಡಲೆಂದು ಮಾಡಿದ ಅಗಲದ ಕಟ್ಟೆಗಳಿವೆ. ಬಂದವರು ಆ ಕಟ್ಟೆಗಳಲ್ಲೇ ಗಾಡಿ ನಿಲ್ಲಿಸಿ ಮಲಗತೊಡಗಿದರು, ಕಕ್ಕಸಿನ ಪೆಟ್ಟಿಗೆಯನ್ನು ಹೊಲದ ಅಂಚಿನಲ್ಲಿ ಖಾಲಿ ಮಾಡಿದರು. ಊರವರ ಬೇಸರ ಪತ್ರಿಕೆಗಳಲ್ಲಿ ಬಂತು. ತಿಳಿದವರ ದೇಶ ಎಂದು ನಾವು ಹೊಗಳುವಲ್ಲಿಯೂ ಮನುಷ್ಯರು ಮನುಷ್ಯರೇ. ಕರಿಕೆಯ ರಸ್ತೆಯಲ್ಲಿ ತಿರುವು ಅಗಲವಿದ್ದಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವ ನಮ್ಮವರಿಗೂ ಅವರಿಗೂ ಭೇದವಿಲ್ಲ.

ರಾತ್ರಿ ತಂಗುವ ಮಾತಿಗೆ ಬರೋಣ. 'ಎಲ್ಲಿ ಚಂದ ಕಂಡಿತೋ ಅಲ್ಲಿ' ಎಂಬುದು ಕೊಡಗಿನಲ್ಲಿ ನಡೆಯುವ ಮಾತಲ್ಲ. ರಸ್ತೆಯ ಒಂದು ಬದಿ ಯಾರದೋ ಕಾಫಿ ತೋಟ, ಇನ್ನೊಂದು ಬದಿ ಮೀಸಲು ಅರಣ್ಯ. ತೋಟದಲ್ಲಿ ಒಡೆಯನ ಅಪ್ಪಣೆ ಬೇಕು. ಕಾಡಿನಲ್ಲಿ ತಂಗಲು ಅಪ್ಪಣೆಯಿಲ್ಲ, ಆನೆಗೆ ನಮ್ಮ ಗಾಡಿಯ ಮೇಲೆ ಗೌರವವೂ ಇಲ್ಲ. ಬಂಡೀಪುರದ ಒಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಸಂಚಾರಕ್ಕೆ 2009ರಿಂದಲೂ ತಡೆ ಇದೆ. ಕುದುರೆಮುಖದ ಕಾಡಿನ ರಸ್ತೆಯಲ್ಲಿ ತನಿಖಾ ಠಾಣೆಯವರು ಹೊತ್ತು ಬರೆದ ಚೀಟಿ ಕೊಡುತ್ತಾರೆ, ನಡುವೆ ಕಾಲಹರಣ ಮಾಡುವಂತಿಲ್ಲ. ಊಟಿಗೂ ಕೊಡೈಕನಾಲಿಗೂ ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಕ್ರಮ ಬಂತು. ಬೆಟ್ಟ ಎಷ್ಟು ಜನರನ್ನು ಹೊರಬಹುದು ಎಂಬ ಲೆಕ್ಕ ಈಗ ನ್ಯಾಯಾಲಯದವರೆಗೆ ಹೋಗಿದೆ.

ನನ್ನ ಸಲಹೆ ಸರಳವಾದದ್ದು. ಕೊಡಗಿನಲ್ಲಿ ಹೋಂಸ್ಟೇಗಳಿಗೆ ಕೊರತೆಯಿಲ್ಲ. ಒಂದಕ್ಕೆ ಮೊದಲೇ ಫೋನು ಮಾಡಿ, ನಿಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸುತ್ತೇವೆ, ಕಕ್ಕಸು ಬಚ್ಚಲು ನಿಮ್ಮದು ಬಳಸುತ್ತೇವೆ, ಇಷ್ಟು ಹಣ ಕೊಡುತ್ತೇವೆ ಎಂದು ಕೇಳಿ. ಗಾಡಿಯ ಕಕ್ಕಸು ರಾತ್ರಿ ಮುದುಕರಿಗೆ, ಮಕ್ಕಳಿಗೆ, ತುರ್ತಿಗೆ ಮಾತ್ರ ಇರಲಿ. ಪೆಟ್ಟಿಗೆಗೆ ಔಷಧ ಹಾಕಿಸಲೇಬೇಡಿ. ಆಗ ಅದನ್ನು ಒಳ್ಳೆಯ ಸೆಪ್ಟಿಕ್ ಟ್ಯಾಂಕು ಇರುವ ಕಡೆ, ಕೇಳಿಕೊಂಡು, ಅವರದೇ ಕಕ್ಕಸಿನಲ್ಲಿ ನೀರು ಹೊಯ್ದು ಖಾಲಿ ಮಾಡಬಹುದು. ಕೇಳುವುದಕ್ಕೆ ನಾಚಿಕೆಯೆನಿಸಿದರೆ ಪೆಟ್ಟಿಗೆಯನ್ನು ಮನೆಗೇ ತನ್ನಿ. ಕತ್ತಲೆಯಲ್ಲಿ ತೋಡಿಗೆ ಸುರಿಯುವುದಕ್ಕಿಂತ ಆ ನಾಚಿಕೆ ಕಡಿಮೆಯದು.

ಗಾಡಿ ನಿಲ್ಲಿಸುವ ಜಾಗದ ವಿಷಯದಲ್ಲಿ ಇನ್ನೊಂದು ಮಾತು. ಹೊಸದಾಗಿ ಮಣ್ಣು ಕಡಿದ ಬರೆಯ ಬುಡದಲ್ಲಿ, ತೋಡಿನ ಪಾತ್ರದಲ್ಲಿ ನಿಲ್ಲಿಸಬಾರದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಇದೇ ಸಂಪಾಜೆ ದಾರಿ ಮುಚ್ಚಿಹೋಗಿತ್ತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆಯನ್ನೇ ಹೂತಿತು. 2024ರ ಜುಲೈ 30ರ ವಯನಾಡಿನ ಕತೆ ಎಲ್ಲರ ಕಣ್ಣ ಮುಂದಿದೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಮನೆಗಾಡಿಯ ಮಾತು ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿರುತ್ತದೆ, ರಾಣಿಪುರದಂಥ ಬೋಳುಗುಡ್ಡದಲ್ಲಿ ಒಂದು ಬೀಡಿಯ ತುಂಡು ಸಾಕು. ಮಲೆನಾಡಿನ ಕಡೆ ಹೋಗುವವರು ಮಂಗನ ಕಾಯಿಲೆಯನ್ನೂ ನೆನಪಿಡಬೇಕು. 1957ರಲ್ಲಿ ಶಿವಮೊಗ್ಗ ಸೀಮೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ್ದು, ಉಣ್ಣೆ ಕಚ್ಚಿ ಬರುವಂಥದ್ದು, ಮಳೆ ಬಿಟ್ಟ ಮೇಲಿನ ಒಣ ತಿಂಗಳುಗಳಲ್ಲೇ ಹೆಚ್ಚು. ಕಾಡಿನ ತರಗೆಲೆಯ ಮೇಲೆ ಚಾಪೆ ಹಾಸಿ ಮಲಗುವ ಆಸೆಯನ್ನು ಬಿಡಿ. ಮಂಗ ಸತ್ತುಬಿದ್ದದ್ದು ಕಂಡರೆ ಅಲ್ಲಿ ನಿಲ್ಲಲೇಬೇಡಿ.

ಇನ್ನು ನಾನು ಬಹಳ ಒತ್ತಿ ಹೇಳಬೇಕಾದ ಒಂದು ವಿಷಯ ಹೊಗೆಯದು. 2024ರ ಡಿಸೆಂಬರಿನಲ್ಲಿ ನಮ್ಮದೇ 66ನೇ ಹೆದ್ದಾರಿಯಲ್ಲಿ, ವಡಕರದ ಹತ್ತಿರ, ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ಒಂದು ಮನೆಗಾಡಿಯ ಒಳಗೆ ಇಬ್ಬರು ಸತ್ತುಬಿದ್ದಿದ್ದರು. ಎ.ಸಿ. ಹಾಕಿ ಮಲಗಿದ್ದವರು. ಗಾಡಿಯ ಜನರೇಟರಿನ ಹೊಗೆ ಒಳಗೆ ಸೇರಿತ್ತು. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ಮಲಗಿದವನಿಗೆ ನಿದ್ದೆ ಇನ್ನೂ ಗಾಢವಾಗುತ್ತದೆ, ಅಷ್ಟೆ. ಆದ್ದರಿಂದ ಮಲಗುವಾಗ ಜನರೇಟರೂ ಬೇಡ, ಇಂಜಿನೂ ಬೇಡ. ಮಡಿಕೇರಿಯ ಚಳಿಗೆ ಒಳಗೆ ಇದ್ದಲಿನ ಕೆಂಡ ಇಡುವುದಂತೂ ಬೇಡವೇ ಬೇಡ, ಅದರಲ್ಲಿಯೂ ಇದೇ ವಿಷ. ಕಿಟಕಿ ಎರಡು ಬೆರಳಷ್ಟು ತೆರೆದಿರಲಿ, ಗ್ಯಾಸಿನ ಸಿಲಿಂಡರಿನ ಬಾಯಿ ಮುಚ್ಚಿರಲಿ. ಈ ವಿಷವನ್ನು ಕಂಡು ಕೂಗುವ ಅಂಗೈಯಷ್ಟು ದೊಡ್ಡ ಯಂತ್ರ ಸಿಗುತ್ತದೆ. ಗಾಡಿ ಬಾಡಿಗೆಗೆ ತೆಗೆದುಕೊಳ್ಳುವಾಗ ಅದು ಇದೆಯೇ, ಬ್ಯಾಟರಿ ಇದೆಯೇ ಎಂದು ಕೇಳಿ, ಒಮ್ಮೆ ಒತ್ತಿ ನೋಡಿ. ಹಳೆಯ ಟೆಂಪೋ ಕೊಂಡು ತಾವೇ ಮಂಚ, ಒಲೆ ಕೂರಿಸುವವರಿಗೆ ಇನ್ನೊಂದು ಸೂಚನೆ: ನೋಂದಣಿಯಲ್ಲಿ ಇದ್ದುದಕ್ಕಿಂತ ಬೇರೆಯಾಗಿ ಗಾಡಿಯನ್ನು ಬದಲಿಸಲು ಆರ್.ಟಿ.ಓ. ಒಪ್ಪಿಗೆ ಬೇಕು.

ಗಟ್ಟದ ಮಾತು ಸಾಕು. "ದ್ವೀಪಕ್ಕೆ ಎಂದೆಯಲ್ಲ, ಯಾವ ದ್ವೀಪಕ್ಕೆ?" ಎಂದು ಕೇಳಿದೆ. ಲಕ್ಷದ್ವೀಪಕ್ಕೆ ಎಂದ. ಗಾಡಿ ಸಮೇತ!

ಲಕ್ಷದ್ವೀಪದ ಹೆಸರು ಬಂದರೆ ನನಗೆ ಯಾವಾಗಲೂ ಒಂದು ಹಳೆಯ ನೆಂಟಸ್ತಿಕೆ ನೆನಪಾಗುತ್ತದೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನಿದೀವಿ ಗುಂಪಿನ ದ್ವೀಪಗಳು 1787ರಲ್ಲಿ ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಬ್ರಿಟಿಷರಿಗೆ ಹೋಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ಕಾಸರಗೋಡು ತಾಲೂಕೂ ಅದೇ ಜಿಲ್ಲೆಯಲ್ಲಿತ್ತು. ದ್ವೀಪದವರು ಓಡಗಳಲ್ಲಿ ತೆಂಗಿನ ಹುರಿಹಗ್ಗ ತುಂಬಿಸಿ ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಒಂದೇ ದಿನ ನಾವು ಕೇರಳಕ್ಕೆ, ಅವರು ಕೇಂದ್ರಾಡಳಿತಕ್ಕೆ. ಹಾಗೆ ನೋಡಿದರೆ ಒಂದೇ ಮನೆಯಿಂದ ಪಾಲಾಗಿ ಹೋದ ಅಣ್ಣತಮ್ಮಂದಿರು. ಆದರೂ ಇಂದು ಅಲ್ಲಿಗೆ ಹೋಗಬೇಕಾದರೆ ಪ್ರವೇಶದ ಪರವಾನಿಗೆ ಬೇಕು, ಗಾಡಿ ಇಲ್ಲೇ ಉಳಿಯಬೇಕು. 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ. ಕವರತ್ತಿಯಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ಮಾಡುವ ಘಟಕವನ್ನು 2005ರಲ್ಲಿ ಕಟ್ಟಬೇಕಾಯಿತು ಎಂದರೆ ನೀರಿನ ಕಷ್ಟ ಊಹಿಸಿಕೊಳ್ಳಿ.

ದ್ವೀಪದ ಬಾವಿಯ ಗುಟ್ಟು ನಮ್ಮ ಕಡಪ್ಪುರದ ಬಾವಿಯ ಗುಟ್ಟೇ. ಮರಳಿನಲ್ಲಿ ಇಳಿದ ಮಳೆನೀರು ಉಪ್ಪು ನೀರಿನ ಮೇಲೆ ಎಣ್ಣೆಯ ಹಾಗೆ ತೇಲಿಕೊಂಡು ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ವಿಜ್ಞಾನದ ಲೆಕ್ಕ. ಅದೇ ಲೆಕ್ಕವನ್ನು ತಿರುವಿ ಹಾಕಿದರೆ, ಮೇಲೆ ಒಂದು ಅಡಿ ಎಳೆದಾಗ ಕೆಳಗಿನಿಂದ ಉಪ್ಪು 40 ಅಡಿ ಏರಿ ಬರಲು ನೋಡುತ್ತದೆ. ಏಪ್ರಿಲಿನಲ್ಲಿ ಪಂಪು ಸ್ವಲ್ಪ ಹೆಚ್ಚು ಓಡಿಸಿದರೆ ಚಹಾದ ರುಚಿ ಕೆಡುವುದು ಇದೇ ಕಾರಣಕ್ಕೆ. ಮರಳು ಬೇಗ ಸೋಸುತ್ತದೆ ಎಂದು ನಂಬಬೇಡಿ, ಅದು ಬೇಗ ಇಳಿಸುತ್ತದೆ. ಮೇಲೆ ಸುರಿದ ಹೊಲಸು ಬಾವಿಗೆ ಬೇಗ ಮುಟ್ಟುತ್ತದೆ.

ದ್ವೀಪವನ್ನೇ ನೋಡಬೇಕೆಂದರೆ ಮಲ್ಪೆಯಲ್ಲಿ ಗಾಡಿ ನಿಲ್ಲಿಸಿ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿಬನ್ನಿ. ಕಂಬ ಕಂಬವಾಗಿ ನಿಂತ ಲಾವಾ ಬಂಡೆಗಳು, ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದವು. ಮಳೆಗಾಲದಲ್ಲಿ ದೋಣಿಯಿಲ್ಲ, ರಾತ್ರಿ ಉಳಿಯುವುದಕ್ಕೂ ಇಲ್ಲ, ಬುತ್ತಿಯ ಪೊಟ್ಟಣ ಒಯ್ದವರು ಪೊಟ್ಟಣವನ್ನು ಹಿಂದೆ ತರಬೇಕು.

ಗಾಡಿ ಸಮೇತ ಹೋಗಬಹುದಾದ ದ್ವೀಪ ನಮ್ಮ ಜಿಲ್ಲೆಯಲ್ಲೇ ಇದೆ, ವಲಿಯಪರಂಬ. ಚೆರುವತ್ತೂರು, ತೃಕ್ಕರಿಪುರದ ಪಡುವಣಕ್ಕೆ, ಒಂದು ಬದಿ ಕವ್ವಾಯಿ ಹಿನ್ನೀರು, ಇನ್ನೊಂದು ಬದಿ ಸಮುದ್ರ, ನಡುವೆ ರಿಬ್ಬನಿನ ಹಾಗೆ ಉದ್ದಕ್ಕೆ ಮರಳು. ಸೇತುವೆ ಇದೆ. ಇರುವುದು ಕಿರುರಸ್ತೆ. ಮೀನಿನ ಗಾಡಿ, ಶಾಲೆಯ ಬಸ್ಸು, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ. ಮನೆಗಾಡಿಯನ್ನು ಸೇತುವೆಯ ಈಚೆಯೇ ನಿಲ್ಲಿಸಿ ಆಟೋದಲ್ಲಿಯೋ ದೋಣಿಯಲ್ಲಿಯೋ ಹೋಗುವುದು ಮೇಲು ಎಂದು ನನ್ನ ಅಭಿಪ್ರಾಯ. ನೀರನ್ನು ಮನೆಯಿಂದಲೇ ತುಂಬಿಸಿಕೊಂಡು ಹೋಗಿ, ಅಲ್ಲಿನ ಬಾವಿಗೆ ಬಕೆಟು ಇಳಿಸಬೇಡಿ. ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆದರೆ ಒಂದು ಚೊಂಬು ನೀರಿನಲ್ಲಿ ಮುಗಿಯುತ್ತದೆ.

ಇಲ್ಲಿ ನಮಗೆ ಗಡಿನಾಡಿನವರಿಗೆ ಒಂದು ಅನುಕೂಲ ಇದೆ, ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಂಪಾಜೆಯಲ್ಲಿ ಕನ್ನಡದಲ್ಲಿ ಕೇಳಬಹುದು, ವಲಿಯಪರಂಬದಲ್ಲಿ ಮಲಯಾಳದಲ್ಲಿ ಕೇಳಬಹುದು. "ಇಲ್ಲಿ ಗಾಡಿ ನಿಲ್ಲಿಸಿದರೆ ನಿಮಗೆ ತೊಂದರೆ ಉಂಟಾ?" ಎಂಬ ಒಂದು ಮಾತು ಅವರವರ ಭಾಷೆಯಲ್ಲಿ ಬಂದರೆ ಎದುರಿನವನ ಮುಖವೇ ಬೇರೆಯಾಗುತ್ತದೆ. ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಬಂದವನಿಗೆ ಎರಡೂ ಕಡೆ ಈ ಸೌಕರ್ಯ ಇಲ್ಲ. 1993ರಲ್ಲಿ ನಮಗೂ ಆ ಭಾಷೆ ಬರುತ್ತಿತ್ತು, ಕೇಳಲಿಲ್ಲ ಅಷ್ಟೆ.

ಇನ್ನೊಂದು ಸಣ್ಣ ತಕರಾರು. ಮನೆಗಾಡಿಯವರು ಅಕ್ಕಿ, ಬೇಳೆ, ಉಪ್ಪಿನಕಾಯಿ, ಒಣಮೀನು ಎಲ್ಲ ಕುಂಬಳೆ ಪೇಟೆಯಲ್ಲೇ ಕಟ್ಟಿಸಿಕೊಂಡು ಹೊರಡುತ್ತಾರೆ. ಹಾಗೆ ಹೋದರೆ ಗಟ್ಟದ ಊರಿನವನಿಗೆ ಸಿಗುವುದು ಧೂಳು ಮತ್ತು ಕಸ ಮಾತ್ರ. ಮಧ್ಯಾಹ್ನದ ಒಂದು ಊಟ ಅಲ್ಲಿನ ಹೋಟೆಲಿನಲ್ಲಿ ಆಗಲಿ. ತರಕಾರಿ, ಜೇನು, ಕಾಫಿಪುಡಿ ಅಲ್ಲಿಯೇ ಕೊಳ್ಳಿ, ಚೌಕಾಸಿ ಸ್ವಲ್ಪ ಕಡಿಮೆ ಇರಲಿ. ಪ್ಲಾಸ್ಟಿಕ್ ಚೀಲಕ್ಕೆ ಕರ್ನಾಟಕದಲ್ಲಿ 2016ರಿಂದ, ಕೇರಳದಲ್ಲಿ 2020ರ ಜನವರಿ 1ರಿಂದ ನಿಷೇಧ ಇದ್ದರೂ ಬಿಸ್ಕತ್ತಿನ ಹಾಳೆ, ಹಾಲಿನ ಪೊಟ್ಟಣ, ಡಯಾಪರ್ ಇದ್ದೇ ಇರುತ್ತವೆ. ಗಟ್ಟದ ಪಂಚಾಯತಿನ ತೊಟ್ಟಿ ತುಂಬಿ ನಾಯಿ ಎಳೆಯುತ್ತಿರುತ್ತದೆ, ಅದರ ಮೇಲೆ ನಮ್ಮದೂ ಬೇಡ. ಒಣ ಕಸವನ್ನು ಚೀಲದಲ್ಲಿ ಕಟ್ಟಿ ತನ್ನಿ. ತಿಂಗಳಿಗೊಮ್ಮೆ ನಮ್ಮ ಗೇಟಿಗೆ ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಕೊಟ್ಟರಾಯಿತು. ಡಯಾಪರನ್ನು ಅವರಿಗೆ ಕೊಡುವ ಮೊದಲು ತೆಗೆದುಕೊಳ್ಳುತ್ತಾರೋ ಎಂದು ಕೇಳಿ. ಮಗುವಿಗೆ ನಾಲ್ಕು ದಿನ ಬಟ್ಟೆ ಕಟ್ಟಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಆದರೆ ಆ ಬಟ್ಟೆ ಒಗೆಯುವವರು ಯಾರೆಂದು ಗಂಡಸರು ಮೊದಲೇ ತೀರ್ಮಾನಿಸಿಕೊಳ್ಳಲಿ.

ನಮ್ಮ ಹುಡುಗನ ಹತ್ತು ಜಾಗಗಳ ಪಟ್ಟಿ ಕೊನೆಗೆ ನಾಲ್ಕಕ್ಕೆ ಇಳಿದಿದೆ. ಸಂಪಾಜೆ ದಾರಿಯಾಗಿ ಮಡಿಕೇರಿ, ಭಾಗಮಂಡಲ, ತಲಕಾವೇರಿ. ಎರಡು ರಾತ್ರಿ ಒಂದೇ ಮನೆಯ ಅಂಗಳದಲ್ಲಿ, ಮೂರನೆಯ ರಾತ್ರಿ ಸುಳ್ಯದಲ್ಲಿ ಅವನ ಅತ್ತೆಯ ತಂಗಿಯ ಮನೆಯಲ್ಲಿ. ಆಮೇಲೆ ಒಂದು ದಿನ ವಲಿಯಪರಂಬ, ಗಾಡಿ ಸೇತುವೆಯ ಈಚೆ. ಡಿಸೆಂಬರಿನ ಎರಡನೆಯ ವಾರ ಹೊರಡುವುದು. ಮೊನ್ನೆ ಬೇಲಿಯ ಮೇಲಿನಿಂದ ಅವನ ತಾಯಿ ನನ್ನನ್ನು ಕರೆದು, "ಮಾಸ್ಟ್ರೇ, ನೀವು ಅವನಿಗೆ ಏನು ಹೇಳಿಕೊಟ್ಟಿರಿ? ಗಾಡಿಯ ಕಕ್ಕಸಿನ ಬಾಗಿಲಿಗೆ ಬೀಗ ಹಾಕುತ್ತಾನಂತೆ, ಕೀಲಿ ನನ್ನ ಸೆರಗಿಗೆ ಕಟ್ಟುತ್ತಾನಂತೆ" ಎಂದು ದೂರು ಹೇಳಿದಳು. ನಾನು, "ಕೀಲಿ ನಿಮ್ಮಲ್ಲಿ ಇದ್ದರೆ ಗಾಡಿಯ ಯಜಮಾನಿಕೆ ನಿಮ್ಮದೇ ಅಲ್ಲವೇ ಅಕ್ಕಾ" ಎಂದೆ. ಅವಳಿಗೆ ಅದು ಸರಿಕಂಡಿತು. ಸಂಪಾಜೆಯ ಮೇಲೆ ಆ ತೋಡು ಎಲ್ಲಿ ಬರುತ್ತದೆ ಎಂದು ಹುಡುಗ ಕೇಳಿ ಬರೆದುಕೊಂಡಿದ್ದಾನೆ. ಗುರುತಿಗೆ ನಾನು ಕೊಟ್ಟದ್ದು ಮುದುಕಿ ಕೂತ ಕಲ್ಲು ಮಾತ್ರ. 2018ರ ಮಳೆಯಲ್ಲಿ ಅದು ಉಳಿದಿದೆಯೋ, ಕೆಳಗೆ ಬಂತೋ, ಅವನು ಹೋಗಿ ಬಂದ ಮೇಲೆ ತಿಳಿಯಬೇಕು.